ಹುಳುಮನೆಯ ಎರಡು ತಂತಿ

ಮದ್ದೂರಿನಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟಾರು ಬಿಚ್ಚುವುದು, ತಾಮ್ರದ ತಂತಿ ಸುತ್ತುವುದು, ವಾರ್ನಿಷ್ ಹೊಡೆದು ಒಣಗಿಸುವುದು, ಇಷ್ಟೇ ನನ್ನ ಕೆಲಸ. ಕೆಟ್ಟದ್ದು ಕಣ್ಣಿಗೆ ಕಾಣಬೇಕು, ಇಲ್ಲವೇ ಮೂಗಿಗೆ ಬಡಿಯಬೇಕು. ಎರಡೂ ಇಲ್ಲದ ರಿಪೇರಿ ಎಂದರೆ ನನಗೆ ತಲೆ ಕೆಡುತ್ತದೆ. ಮಂಡ್ಯದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನ್ನ ಅತ್ತಿಗೆ ಇದಕ್ಕೆ ಪೂರ್ತಿ ಉಲ್ಟಾ. ಅವರು ಕೈ ಹಾಕುವುದೇ ಕಣ್ಣಿಗೆ ಕಾಣದ ಕೆಲಸಕ್ಕೆ. ಭಾನುವಾರ ಬಂದು ನನ್ನ ಬೆಂಚಿನ ಒಂದು ಮೂಲೆ ಹಿಡಿದು ಕೂತರೆಂದರೆ, ಉಗುರಿನಷ್ಟಗಲದ ಚಿಪ್‌ಗಳ ಜೊತೆ ಅದೇನು ಮಾತುಕತೆಯೋ, ಕಾಫಿ ಆರಿ ಕೆನೆಗಟ್ಟಿದರೂ ಅವರಿಗೆ ಗೊತ್ತಾಗುವುದಿಲ್ಲ.

ಕಳೆದ ವರ್ಷ ಅವರು ಅಲ್ಲಿ ಕೂತು ಮಾಡಿದ್ದು ನಮ್ಮ ಚಿಕ್ಕವ್ವನಿಗಾಗಿ ಒಂದು ಡಬ್ಬಿ. ಚಿಕ್ಕವ್ವ, ಅಂದರೆ ನಮ್ಮವ್ವನ ತಂಗಿ, ಮಳವಳ್ಳಿ ಕಡೆಯ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಹುಳುಮನೆಯಲ್ಲಿ ಅವಳದೇ ದರ್ಬಾರು. ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದು ಒಳಗೆ ಬರಬೇಕು. ಬೀಡಿ ಸೇದಿದವರು ಬಾಗಿಲಾಚೆಯೇ ನಿಲ್ಲಬೇಕು, ಕಟ್ಟಿಕೊಂಡ ಗಂಡನೇ ಆಗಲಿ. ಹಿಂದಿನ ಬೆಳೆ ಒಣಹವೆಗೆ ಸಿಕ್ಕಿ ಕೈಕೊಟ್ಟಿತ್ತು. ಹಾಕಿದ ಹಿಪ್ಪುನೇರಳೆ ಸೊಪ್ಪು ಬಾಡಿ, ಹುಳು ಮೇವು ಬಿಟ್ಟು ಸೊರಗಿಹೋಗಿದ್ದವು. ಬಾಗಿಲಾಚೆ ನಿಂತೂ ನಿಂತೂ ಸಾಕಾಗಿದ್ದ ಚಿಕ್ಕಪ್ಪ ಇದೇ ಸಮಯ ನೋಡಿ, ಇನ್ನೊಂದು ಬೆಳೆ ಕೆಟ್ಟರೆ ಸೊಪ್ಪಿನ ಗಿಡ ಕಿತ್ತು ಕಬ್ಬು ಹಾಕುತ್ತೇನೆಂದು ಹೇಳಿಬಿಟ್ಟ. ಮದುವೆಯಾಗಿ ಬಂದಾಗಿನಿಂದ ಚಿಕ್ಕವ್ವ ತನ್ನದು ಎಂದುಕೊಂಡ ಕೆಲಸ ಅದೊಂದೇ. ಅವಳು ಗಂಡನ ಜೊತೆ ಜಗಳಕ್ಕೆ ಹೋಗದೆ ಅತ್ತಿಗೆಗೆ ಫೋನು ಮಾಡಿದಳು.

ಡಬ್ಬಿ ಮಾಡಬೇಕಾದ ಕೆಲಸ ಇಷ್ಟು. ಹುಳುಮನೆಯ ತೇವ ಅಳೆಯಬೇಕು, ಅದನ್ನು ನಂಬರಿನಲ್ಲಿ ತೋರಿಸಬೇಕು, ತೇವ ಕಡಿಮೆಯಾದರೆ ತುಂತುರು ನೀರು ಹಾರಿಸುವ ಫ್ಯಾನು ಹಚ್ಚಬೇಕು, ಸಾಕಾದಾಗ ಆರಿಸಬೇಕು. ಅಳೆಯುವುದು ಒಂದು ಚಿಪ್, ತೋರಿಸುವುದು ಇನ್ನೊಂದು, ಇವಕ್ಕೆಲ್ಲ ಯಜಮಾನಿಕೆ ಮಾಡುವುದು ಮತ್ತೊಂದು. ಇಷ್ಟೂ ಚಿಪ್‌ಗಳು ಮಾತಾಡಿಕೊಳ್ಳುವುದಕ್ಕೆ ಇರುವುದು ಎರಡೇ ತಂತಿ ಎಂದಾಗ ನಾನು ನಂಬಲಿಲ್ಲ. ಅತ್ತಿಗೆ ಬಿಡಿಸಿ ಹೇಳಿದರು. ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದರಲ್ಲಿ ಮಾತು ಹೋಗುತ್ತದೆ. ಪ್ರತಿ ಚಿಪ್‌ಗೂ ಒಂದು ನಂಬರು. ಯಜಮಾನ ನಂಬರು ಕೂಗಿದಾಗ ಆ ನಂಬರಿನದು ಮಾತ್ರ ಮಾತಿನ ತಂತಿಯನ್ನು ಒಂದು ಕ್ಷಣ ಕೆಳಕ್ಕೆ ಎಳೆದು ‘ಊಂ’ ಅನ್ನುತ್ತದೆ, ಮಿಕ್ಕವು ತೆಪ್ಪಗಿರುತ್ತವೆ. ಯಾರೂ ಎಳೆಯದಾಗ ತಂತಿಯನ್ನು ಮೇಲೆತ್ತಿ ಹಿಡಿದಿರುವುದಕ್ಕೆ ಒಂದು ಪುಟ್ಟ ರೆಸಿಸ್ಟರ್ ಇದೆ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಒಂದೇ ಹೊತ್ತಿಗೆ ಎಲ್ಲರೂ ಮಾತಾಡಿ ಯಾರೂ ಕೇಳಿಸಿಕೊಳ್ಳದ ನಮ್ಮ ಮನೆಯಲ್ಲಿ ಬೆಳೆದವನಿಗೆ ಇದು ದೇವಲೋಕದ ಏರ್ಪಾಡಿನಂತೆ ಕಂಡಿತು. ನನಗೆ ನಿಜವಾಗಿ ಹೆಮ್ಮೆಯಾಯಿತು, ಆ ಚಿಪ್‌ಗಳ ಮೇಲೂ, ಅವಕ್ಕೆ ಮಾತು ಕಲಿಸುತ್ತಿದ್ದ ಅತ್ತಿಗೆಯ ಮೇಲೂ.

ಡಬ್ಬಿ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂತು. ಅಂಗಡಿಯಲ್ಲಿ ವೈಂಡಿಂಗ್ ಮಿಷಿನ್ನಿನಿಂದ ಹಿಡಿದು ಇಕ್ಕಳದವರೆಗೆ ಎಲ್ಲಕ್ಕೂ ಪೂಜೆಯಾಯಿತು. ಮುಚ್ಚಳ ಇನ್ನೂ ಹಾಕಿರದಿದ್ದ ಡಬ್ಬಿಯನ್ನೂ ಸಾಲಿನಲ್ಲಿ ಇಟ್ಟೆವು. ಮಾರನೆಯ ದಿನ ಮುಚ್ಚಳ ಹಾಕಿ ಒಯ್ದು ಚಿಕ್ಕವ್ವನ ಹುಳುಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿ ಬಂದೆವು. ಆಮೇಲೆ ಚಳಿಗಾಲದ ಒಣಗಾಳಿ ಶುರುವಾಯಿತು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚಿನ ದೊಡ್ಡ ಹಸಿವಿಗೆ ಬಂದಿದ್ದವು. ಆಗ ಚಿಕ್ಕವ್ವನ ಫೋನು ಬಂತು.

“ನಿಮ್ಮತ್ಗೆ ಡಬ್ಬಿ ಸುಳ್ಳೇಳ್ತದೆ ಕಣ್ಲಾ. ಇಲ್ಲಿ ಸೊಪ್ಪು ಒಣಗೋಯ್ತಾ ಅದೆ, ಅದು ನೋಡುದ್ರೆ ತ್ಯಾವ ಚೆನ್ನಾಗದೆ ಅಂತ ಒಂದೇ ನಂಬ್ರ ಇಡ್ಕಂಡು ಕೂತದೆ.”

ಅತ್ತಿಗೆ ರಜೆ ಹಾಕಿ ಮದ್ದೂರಿಗೆ ಬಂದರು. ಲ್ಯಾಪ್‌ಟಾಪ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತು ಚಿಕ್ಕವ್ವನ ಹಳ್ಳಿಗೆ ಹೊರಟರು. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದ. ಸೊಪ್ಪಿನ ತೋಟ ಉಳುವುದಕ್ಕೆ ಟ್ರ್ಯಾಕ್ಟರಿನವನಿಗೆ ಆಗಲೇ ಹೇಳಿಟ್ಟಿದ್ದೇನೆಂದು, ನಾವು ನೀರು ಕುಡಿಯುವ ಮೊದಲೇ ತಿಳಿಸಿದ.

ಕಾಲು ತೊಳೆದು ಒಳಗೆ ಹೋದ ನಾನು ಮೊದಲು ಮಾಡಿದ ಕೆಲಸ ಡಬ್ಬಿಯ ಸ್ವಿಚ್ಚು ಆರಿಸಿ ಹಚ್ಚಿದ್ದು. ನಂಬರು ಸರಕ್ಕನೆ ಇಳಿಯಿತು, ತುಂತುರು ಫ್ಯಾನು ತಿರುಗಿತು. ಆಯಿತಲ್ಲ, ಹೊರಡೋಣ ಎಂದೆ. ಅತ್ತಿಗೆ ಚಾಪೆ ಹಾಸಿಕೊಂಡು ಕೂತರು. ಯಾಕೆ ನಿಂತಿತ್ತು ಎಂದು ಗೊತ್ತಾಗದೆ ನಡೆಯತೊಡಗಿದ್ದು ನಾಳೆಯೂ ನಿಲ್ಲುತ್ತದೆ ಎಂದರು. ತಾವೇ ಬರೆದ ಪ್ರೋಗ್ರಾಂ ತೆರೆದು ಒಂದೊಂದೇ ಸಾಲು ಓದುತ್ತ ಹೋಗಿ ಒಂದು ಕಡೆ ಬೆರಳಿಟ್ಟರು. ತೇವ ಅಳೆಯುವ ಚಿಪ್ಪನ್ನು ಕೂಗಿದ ಮೇಲೆ ಉತ್ತರ ಬರುವವರೆಗೆ ಕಾಯಬೇಕು ಎಂದು ಅಲ್ಲಿ ಬರೆದಿತ್ತು. ಉತ್ತರ ಬರದೇ ಹೋದರೆ? ಯಜಮಾನ ಕಾಯುತ್ತಲೇ ಕೂರುತ್ತದೆ, ಕೊನೆಯ ಸಲ ಬಂದಿದ್ದ ನಂಬರು ಹಾಗೇ ಉಳಿಯುತ್ತದೆ, ಆರಿದ ಫ್ಯಾನು ಮತ್ತೆ ಹತ್ತುವುದಿಲ್ಲ.

ಅವರು ಆ ಸಾಲು ಅಳಿಸಿ ಹೊಸದಾಗಿ ಬರೆದರು. ಸ್ವಲ್ಪ ಹೊತ್ತು ಕಾಯಬೇಕು. ಬರಲಿಲ್ಲವೋ, ತಾಳದ ತಂತಿಯನ್ನು ನಾಲ್ಕಾರು ಸಲ ಅಲುಗಿಸಿ ಸಿಕ್ಕಿಕೊಂಡದ್ದನ್ನು ಬಿಡಿಸಿ ಮತ್ತೆ ಕೂಗಬೇಕು. ಆಗಲೂ ಇಲ್ಲವೆಂದರೆ ಕೆಂಪು ದೀಪ ಹಚ್ಚಿ ಪೀಪಿ ಊದಬೇಕು. ಆ ದೀಪಕ್ಕೂ ಪೀಪಿಗೂ ಆ ಎರಡು ತಂತಿಯ ಹಂಗಿಲ್ಲದಂತೆ ಬೇರೆಯೇ ತಂತಿ ಎಳೆದರು. “ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಕಣಪ್ಪ. ಹಳೇ ಉತ್ರ ಹೇಳ್ಕೊಂಡು ಕೂತ್ಕೋಬಾರ್ದು,” ಎಂದರು ನನ್ನ ಕಡೆ ತಿರುಗದೆ.

ಸಂಜೆ ಫ್ಯಾನು ತಿರುಗಿ, ಮನೆಯೊಳಗೆ ತೇವ ಏರಿ, ಫ್ಯಾನು ಆರುತ್ತಿದ್ದಂತೆ ಪೀಪಿ ಕಿರುಚಿಕೊಂಡಿತು. ಕೆಂಪು ದೀಪ ಹತ್ತಿತು. ನನಗೆ ಪಿತ್ತ ನೆತ್ತಿಗೇರಿತು, ಅತ್ತಿಗೆಯ ಮುಖ ಮಾತ್ರ ಅರಳಿತು. ಕೆಟ್ಟದ್ದಕ್ಕೆ ಖುಷಿಪಡುವವರನ್ನು ನಾನು ನೋಡಿದ್ದು ಅದೇ ಮೊದಲು. ಲ್ಯಾಪ್‌ಟಾಪಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿ, ಮಾತಿನ ತಂತಿಯ ಏರಿಳಿತ ಗೆರೆಯಾಗಿ ಮೂಡುವ ಹಾಗೆ ಮಾಡಿದರು. ಗೋಡೆಯಂತೆ ನೆಟ್ಟಗೆ ಏಳಬೇಕಿದ್ದ ಗೆರೆ ಅರ್ಧಕ್ಕೇ ಕುಸಿಯುತ್ತಿತ್ತು. ಒಣಗಿದಾಗ ಸರಿಯಿದ್ದು, ತೇವ ಬಂದಾಗ ಏನೋ ಒಂದು ಈ ತಂತಿಯನ್ನು ಕೆಳಕ್ಕೆ ಎಳೆದು ಹಿಡಿಯುತ್ತಿದೆ ಎಂದರು. ಡಬ್ಬಿಯ ಮುಚ್ಚಳ ತೆಗೆದೆವು. ನಾನು ಮೊಬೈಲಿನ ಟಾರ್ಚು ಬಿಟ್ಟೆ.

ಮಾತಿನ ತಂತಿಯ ಪಿನ್ನಿಗೂ ಪಕ್ಕದ ಗ್ರೌಂಡಿನ ಪಿನ್ನಿಗೂ ನಡುವೆ ಚೊಕ್ಕವಾಗಿ ಒಂದು ಬೊಟ್ಟು. ಅಡಿಯಲ್ಲಿ ಅರಿಶಿನ, ಮೇಲೆ ಕುಂಕುಮ. ತೇವ ಹೀರಿ ಹಸಿಯಾಗಿ, ಎರಡು ಪಿನ್ನನ್ನೂ ಒಂದು ಮಾಡಿ ತಂತಿಯನ್ನು ಕೆಳಕ್ಕೆ ಹಿಡಿದಿತ್ತು.

ಚಿಕ್ಕವ್ವ ಆ ತುದಿಯಲ್ಲಿ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು, ಚಿಕ್ಕಪ್ಪ ಬಾಗಿಲಾಚೆ ಇದ್ದ. ಆ ಬೊಟ್ಟು ನೋಡಿದವರು ನಾವಿಬ್ಬರೇ. ನಾನಾಗಿದ್ದರೆ ಒರೆಸಿ, ಮುಚ್ಚಳ ಹಾಕಿ, ತಪ್ಪನ್ನು ಕರೆಂಟಿನವರ ತಲೆಗೆ ಕಟ್ಟಿಬಿಡುತ್ತಿದ್ದೆ. ಅತ್ತಿಗೆ ಚಿಕ್ಕವ್ವನನ್ನು ಕರೆದರು, ಡಬ್ಬಿಯನ್ನು ಗೋಡೆಯಿಂದ ಬಿಚ್ಚಿ ಹಿಡಿದು ಬಾಗಿಲಿಗೆ ನಡೆದು ಚಿಕ್ಕಪ್ಪನಿಗೂ ತೋರಿಸಿದರು.

“ಅತ್ತೆ, ನಿಮ್ಮ ಹುಳುಮನೇಲಿ ಏನೂ ತಪ್ಪಿಲ್ಲ. ಪೂಜೆ ದಿನ ಈ ಬೊಟ್ಟು ಇಟ್ಟಿದ್ದು ನಾನೇ. ಸುಮ್ನೆ ಕಾಯ್ತಾ ಕೂತ್ಕೋ ಅಂತ ಬರ್ದಿದ್ದೂ ನಾನೇ. ಇದ್ರಿಂದ ಬೆಳೆ ಕೆಟ್ರೆ ಅದು ನನ್ನ ಲೆಕ್ಕ, ನಿಮ್ದಲ್ಲ.”

ಕಾಲೇಜಿನಲ್ಲಿ ಪಾಠ ಹೇಳುವವರು, ಗಂಡನ ಕಡೆಯವರ ಮುಂದೆ, ಆಡಿಕೊಳ್ಳಲು ಕಾದು ಕೂತವನ ಎದುರಿಗೇ ಹೀಗೆ ಹೇಳಿದ್ದು ಕೇಳಿ ನನ್ನ ಎದೆ ತುಂಬಿತು. ಅವರ ವಿದ್ಯೆಯನ್ನು ಮೊದಲಿನಿಂದಲೂ ಮೆಚ್ಚುತ್ತಿದ್ದೆ. ಆ ಸಂಜೆಯಿಂದ ಅವರನ್ನೇ ಮೆಚ್ಚಿದೆ.

ಚಿಕ್ಕಪ್ಪ ಡಬ್ಬಿಯನ್ನೂ ಅತ್ತಿಗೆಯ ಮುಖವನ್ನೂ ನೋಡಿದ. ಆಡಿಕೊಳ್ಳಲಿಲ್ಲ. “ಈ ಬೆಳೆ ಮುಗೀಲಿ ಬುಡು,” ಎಂದು ಟ್ರ್ಯಾಕ್ಟರಿನವನಿಗೆ ಫೋನು ಹಚ್ಚಿಕೊಂಡು ಆಚೆ ಹೋದ.

ಅತ್ತಿಗೆ ಬೊಟ್ಟನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಪಿನ್ನುಗಳ ಮೇಲೆ ನನ್ನ ಮೋಟಾರು ವಾರ್ನಿಷ್ಷನ್ನೇ ತೆಳ್ಳಗೆ ಬಳಿದರು. ನನ್ನಿಂದಾದ ಉಪಕಾರ ಅಷ್ಟೇ. ಹುಳು ಹಣ್ಣಾಗಿ ಗೂಡಿಗೆ ತೊಡಗುವ ಮುಂಚೆ ಇನ್ನೊಂದು ಸಲ ಕೆಂಪು ದೀಪ ಹತ್ತಿತಂತೆ, ಇಲಿ ತಂತಿ ಕಡಿದಿತ್ತು. ಚಿಕ್ಕವ್ವ ನಮಗೆ ಕಾಯದೆ ಗೋಣಿತಾಟು ನೆನೆಸಿ ಕಿಟಕಿಗೆಲ್ಲ ಇಳಿಬಿಟ್ಟು ಸೊಪ್ಪು ಬಾಡದಂತೆ ನೋಡಿಕೊಂಡಳು. ಡಬ್ಬಿ ತನಗೆ ಗೊತ್ತಿಲ್ಲವೆಂದು ಹೇಳಿದ್ದೇ ಆ ಬೆಳೆಯನ್ನು ಉಳಿಸಿತು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟೆ, ಆ ಚಂದ್ರಿಕೆಯ ತುಂಬ ಗೂಡು ಕಟ್ಟಿದ ದಿನ ಫೋಟೋ ಕಳಿಸಿದಳು.

ಈ ವರ್ಷದ ಆಯುಧಪೂಜೆಗೆ ನಮ್ಮನ್ನು ಹುಳುಮನೆಗೇ ಕರೆದಳು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಡಬ್ಬಿಯ ಮುಂದೆ ಬಂದು ನಿಂತಾಗ ಅತ್ತಿಗೆ ಗಾಬರಿಯಾಗಿ ಕೈ ಅಡ್ಡ ಹಿಡಿದರು. ಚಿಕ್ಕವ್ವ ನಕ್ಕು ಬೆರಳನ್ನು ಅವರ ಹಣೆಯ ಕಡೆ ತಿರುಗಿಸಿದಳು.

“ಇಲ್ಲಿಗಿಕ್ಕುದ್ರೆ ಏನೂ ಕೆಡಾಕಿಲ್ಲ, ಬಾ ಕಣವ್ವ.”

ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಹೊರಗೆ, ಈಗ ತಾನೇ ಕೊಯ್ದ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ಬಂದ ಚಿಕ್ಕಪ್ಪ ಕಾಲು ತೊಳೆದು, ಬಾಗಿಲಲ್ಲೇ ನಿಂತು, ಒಳಗೆ ಬರಬಹುದಾ ಎಂದು ಕೇಳಿದ.