ಕೊಳಲಿನ ಜೊತೆ ಸೇರಿದ ನನ್ನ ಮಿಷನ್

ನನ್ನ ಪಕ್ಕದ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದವರು ಕೊಳಲು ನುಡಿಸುವವರು. ಓಣಿಯವರಿಗೆಲ್ಲ ಕೊಳಲಪ್ಪ. ನಮ್ಮಿಬ್ಬರ ನಡುವೆ ಒಂದಿಟ್ಟಿಗೆಯ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಹೊಲಿಗೆ ಮಿಷನ್ ತುಳಿದರೆ ಅವರಿಗೆ. ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದರು. ಹೇಳುವುದನ್ನೆಲ್ಲ ಕೊಳಲಿಗೇ ಹೇಳುತ್ತಿದ್ದರು.

ಒಮ್ಮೆ ಸಿ.ಡಿ. ಮಾಡಬೇಕೆಂದು ರೆಕಾರ್ಡರನ್ನು ಒಂದು ದಿನದ ಬಾಡಿಗೆಗೆ ತಂದು, ಕಿಟಕಿಗೆ ಕಂಬಳಿ ಕಟ್ಟಿದರು.

“ಅಕ್ಕಾ, ಸಂಜೆ ತನಕ ಮಿಷನ್ ಮುಟ್ಟಬೇಡಿ.”

ತಲೆಯಾಡಿಸಿದ್ದೆ. ಆದರೆ ಪರದೆಯೊಂದರ ಅಂಚು ಹೊಲಿಯುವುದು ಗೇಣಷ್ಟು ಉಳಿದಿತ್ತು. ಕೊಳಲು ನಿಂತಿತೆಂದುಕೊಂಡು ತುಳಿದೇಬಿಟ್ಟೆ. ನಿಂತಿರಲಿಲ್ಲ, ಅವರು ಉಸಿರು ತೆಗೆದುಕೊಳ್ಳುತ್ತಿದ್ದರು. ಕೊನೆಯ ಹಾಡಿನಲ್ಲಿ ನನ್ನ ಮಿಷನ್ನಿನ ಕಟಕಟ ಸೇರಿಕೊಂಡಿತು. ರೆಕಾರ್ಡರ್ ವಾಪಸು ಕೊಡುವ ಹೊತ್ತಾಗಿತ್ತು.

“ಹೋಗ್ಲಿ ಬಿಡಿ ಅಕ್ಕಾ. ತಾಳಕ್ಕೆ ಯಾರೂ ಇರ್ಲಿಲ್ಲ, ನೀವು ಕೂತ್ರಿ” ಎಂದು ನಕ್ಕರು.

ಸಿ.ಡಿ.ಯನ್ನು ಮಾರಲೆಂದು ಪೇಟೆಯ ಅಂಗಡಿಗೆ ಕೊಟ್ಟರು. ತಿಂಗಳೊಳಗೆ ನಕಲು ಮಾಡಿದ್ದು ತಳ್ಳುಗಾಡಿಗಳ ಮೇಲೆಲ್ಲ ಇತ್ತು. ಕವರಿನ ಮೇಲೆ ಯಾವುದೋ ಜಲಪಾತದ ಚಿತ್ರ, ಇವರ ಹೆಸರೇ ಇಲ್ಲ. ಅದನ್ನೂ ನುಂಗಿಕೊಂಡರು. ಹೊಟ್ಟೆಪಾಡು ನಡೆಯುತ್ತಿದ್ದುದು ದೊಡ್ಡ ರಸ್ತೆಯ ಹೋಟೆಲಿನಲ್ಲಿ ಸಂಜೆ ಎರಡು ಗಂಟೆ ನುಡಿಸುವುದರಿಂದ. ಒಂದು ದಿನ ಅಲ್ಲಿನ ಮ್ಯಾನೇಜರ್ ನಾಳೆಯಿಂದ ಬರಬೇಡಿ ಎಂದ. ಒಳಗೆ ಅದೇ ನಕಲು ಸಿ.ಡಿ. ಓಡುತ್ತಿತ್ತು.

ಮರುದಿನ ನನ್ನನ್ನು ಸಾಕ್ಷಿಗೆ ಕರೆದುಕೊಂಡು ಹೋದರು. ಕೊನೆಯ ಹಾಡು ಬರುವ ತನಕ ಕೌಂಟರಿನ ಮುಂದೆ ನಿಂತೆವು.

“ಇದು ನಾನೇ ನುಡಿಸಿದ್ದು ಸಾರ್. ತಡೀರಿ, ಈಗ ಮಿಷನ್ ಸದ್ದು ಬರುತ್ತೆ.”

ಬಂತು. ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆ.

“ಅದು ನಂದೇ ಕಣಪ್ಪ” ಎಂದೆ. “ಪರದೆ ಹೊಲೀತಿದ್ದೆ.”

ಮ್ಯಾನೇಜರ್ ನಕ್ಕ. “ನಂಬಿದೆ ಅಜ್ಜಿ. ಇವರದೇ ಅಂದ್ಮೇಲೆ ಇನ್ನೂ ಒಳ್ಳೇದೇ ಆಯ್ತಲ್ಲ! ಇವರು ಬರದೇ ಇದ್ರೂ ಇವರ ಕೊಳಲು ಬರುತ್ತೆ. ಇದಕ್ಕೆ ನೆಗಡಿ ಆಗಲ್ಲ, ರಜಾ ಕೇಳಲ್ಲ.”

“ನನ್ನ ಕೆಲಸ ನಾನೇ ಕಿತ್ಕೊಂಡ ಹಾಗಾಯ್ತಲ್ಲ ಸಾರ್.”

ಅವನಿಗೂ ಒಂದಿಷ್ಟು ಕನಿಕರ ಬಂತೇನೋ. “ಬೇಕಾದ್ರೆ ಬಂದು ಕೊಳಲು ತುಟಿಗಿಟ್ಕೊಂಡು ಸುಮ್ನೆ ಕೂತ್ಕೊಳ್ಳಿ. ನೋಡೋರಿಗೂ ಚೆನ್ನಾಗಿರುತ್ತೆ. ಹಾಡು ಅದರ ಪಾಡಿಗೆ ಅದು ಓಡುತ್ತೆ.”

ಕೊಳಲಪ್ಪ ಕೊಳಲನ್ನು ಚೀಲಕ್ಕಿಟ್ಟು ದಾರ ಬಿಗಿದರು. “ಬನ್ನಿ ಅಕ್ಕಾ” ಎಂದರು, ಅಷ್ಟೇ.

ಆ ವಾರವೆಲ್ಲ ಗೋಡೆಯಾಚೆ ಸದ್ದಿಲ್ಲ. ಅವರಿಗೆ ಕೇಳಲೆಂದೇ, ಸೂಜಿಗೆ ದಾರವಿಲ್ಲದೆ, ಬರಿ ಮಿಷನ್ ತುಳಿಯುತ್ತಾ ಕೂತೆ. ಕೊಳಲಿನ ದನಿ ಏಳಲಿಲ್ಲ. ತಿಂಗಳು ಮುಗಿಯುವಾಗ ತಂಗಿಯ ಊರಿಗೆ ಹೋದರು. ಅಲ್ಲಿ ಯಾವುದೋ ಗೋದಾಮು ಕಾಯುತ್ತಾರಂತೆ.

ಹೊಲಿದ ಬಟ್ಟೆ ಕೊಟ್ಟು ಬರುವಾಗ ಈಗಲೂ ಹೋಟೆಲಿನೆದುರಿನ ಬಸ್ ನಿಲ್ದಾಣದಲ್ಲಿ ಕೂರುತ್ತೇನೆ. ಒಳಗಿಂದ ಅದೇ ಸಿ.ಡಿ. ಕೇಳುತ್ತಿರುತ್ತದೆ, ನನ್ನ ಬಸ್ಸು ಬಂದು ಹೋಗುತ್ತದೆ. ಕೊನೆಯ ಹಾಡಿನಲ್ಲಿ ಅವರು ಉಸಿರು ತೆಗೆದುಕೊಳ್ಳುವ ಜಾಗ ಹತ್ತಿರವಾದಾಗ, ತುಳಿಯಬಾರದೆಂದು ನನ್ನ ಕಾಲು ತಾನಾಗಿ ಬಿಗಿಯಾಗುತ್ತದೆ. ಒಳಗೆ ಓಡುವ ಹಾಡಿನಲ್ಲಿ, ಪ್ರತಿಸಲವೂ, ತುಳಿದೇಬಿಡುತ್ತೇನೆ.