ಗಾಳಿಗೆ ಬೆನ್ನು ಕೊಟ್ಟ ಶುಕ್ರವಾರ

ಕುವೈತಿನ ಕಡಲನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಕುಂದಾಪುರದ ಕಡಲು ಬೊಬ್ಬೆ ಹಾಕಿಕೊಂಡು ಬರುತ್ತದೆ, ಇದು ಸದ್ದಿಲ್ಲದ ಕಳ್ಳ. ಇಳಿತದಲ್ಲಿ ಎಲ್ಲಿಗೋ ಹೋಗಿ ಕೆಸರುಬಯಲನ್ನು ಬಿಟ್ಟುಕೊಡುತ್ತದೆ. ಭರತದಲ್ಲಿ ತಗ್ಗುಗಳೊಳಗೆ ನುಸುಳಿ, ನಾವು ನೋಡುವಷ್ಟರಲ್ಲಿ ಹಿಂದೆ ಬಂದು ನಿಂತಿರುತ್ತದೆ.

ನನ್ನ ಗಂಡನಿಗೆ ಈ ಮಾತು ಕೇಳಿದರೆ ನಗು. ಶುವೈಖ್‌ನ ಗೋದಾಮಿನಲ್ಲಿ ಗುಮಾಸ್ತರಾಗಿದ್ದರೂ ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. "ಇದೆಂತ ಕಡ್ಲಾ ಮಾರಾಯ್ತಿ, ಕೆರಿ ಇದ್ದಾಂಗಿತ್ತ್" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಒಂದು ಶುಕ್ರವಾರ, ಮಧ್ಯಾಹ್ನದ ಇಳಿತದಲ್ಲಿ, ರುಮೈಥಿಯಾದ ನಮ್ಮ ಮನೆಗೆ ಹತ್ತಿರದ ತೀರದಲ್ಲಿ ನಾವು ಮೂವರೂ ಚಿಪ್ಪು ಹೆಕ್ಕಲು ಇಳಿದೆವು. ಮಗಳು ಆಗಿನ್ನೂ ಚಿಕ್ಕವಳು. ಬಗ್ಗಿ ಹೆಕ್ಕುತ್ತ ಹೆಕ್ಕುತ್ತ ದಡದಿಂದ ಬಹಳ ದೂರ ಹೋಗಿಬಿಟ್ಟಿದ್ದೆವು. ತಲೆಯೆತ್ತಿದಾಗ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಅರಬರು ತೋಜ್ ಎನ್ನುವ ದೂಳುಗಾಳಿ ಒಂದೇ ಏಟಿಗೆ ನಮ್ಮ ಮೇಲೆ ಬಿತ್ತು. ಸೂರ್ಯನಿಲ್ಲ, ದಡವಿಲ್ಲ, ಚಾಚಿದ ನನ್ನ ಕೈಯೇ ನನಗೆ ಮಸುಕು. ಪಾದದಡಿ ನೀರು ಹರಿಯತೊಡಗಿತ್ತು.

ಅವರು ಮಗಳನ್ನು ಹೆಗಲಿಗೇರಿಸಿಕೊಂಡು, "ಹೆದ್ರಬೇಡ. ಗಾಳಿಗ್ ಬೆನ್ನ್ ಕೊಟ್ ನಡಿ, ದಡ ಸಿಕ್ಕತ್ತ್" ಎಂದರು.

ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಅಲ್ಲಿ ಕಡಲು ಪಡುವಣಕ್ಕೆ, ಮಧ್ಯಾಹ್ನದ ಗಾಳಿ ಬರುವುದೂ ಕಡಲಿನಿಂದಲೇ. ಬೆನ್ನು ಕೊಟ್ಟು ನಡೆದರೆ ಮನೆ. ನಾನೂ ಹಿಂದುಮುಂದು ನೋಡದೆ ನಡೆದೆ. ಪಾದ ಮುಳುಗಿಸಿದ್ದ ನೀರು ಮೀನಖಂಡಕ್ಕೆ ಬಂತು, ಆಮೇಲೆ ಮೊಣಕಾಲಿಗೆ.

"ಹ್ವಾಯ್, ನೀರ್ ಏರ್ತಾ ಇತ್ತ್."

"ಭರತ ಅಲ್ದಾ, ಎಲ್ಲಾ ಬದಿಗೂ ಏರತ್ತ್. ನಂಗ್ ಕಡ್ಲ್ ಕಲ್ಸುಕ್ ಬರ್ಬೇಡ."

ಹಲ್ಲಿನ ನಡುವೆ ಏನೋ ಕರಕರ ಎಂದಿತು. ತುಟಿ ನೆಕ್ಕಿದೆ. ಉಪ್ಪಲ್ಲ, ಬರೀ ಮಣ್ಣು. ಅವರ ಅಂಗಿ ಹಿಡಿದು ಕಿರುಚಿದೆ:

"ಕಡ್ಲಿಂದ ಧೂಳ್ ಬತ್ತಾ? ಈ ಗಾಳಿ ಮರಳುಗಾಡಿಂದು! ನಾವ್ ಕಡ್ಲಿಗೇ ಹೋತಾ ಇತ್ತ್!"

ಅವರು ನಿಂತರು. ಇಲ್ಲಿ ಕಡಲು ಮೂಡಣಕ್ಕೆ. ನಿತ್ಯ ಬೆಳಗಾದರೆ ಕಡಲಿನಿಂದೇಳುವ ಸೂರ್ಯನನ್ನು ಕಂಡವರು ನಾವು. ಆದರೆ ಹೆದರಿದಾಗ ಕಾಲು ಊರಿನ ದಾರಿಯನ್ನೇ ಹಿಡಿದಿತ್ತು. ಮಗಳು "ಅಮ್ಮಾ, ಐ ವಾಂಟ್ ಟು ಗೋ ಹೋಮ್" ಎಂದು ಅಳುತ್ತಿದ್ದಳು. ಅವಳ ಮುಖಕ್ಕೆ ನನ್ನ ಸೆರಗು ಸುತ್ತಿ, ಗಾಳಿಗೆ ಮುಖ ಕೊಟ್ಟು ತಿರುಗಿದೆವು. ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ತಗ್ಗಿನಲ್ಲಿ ನೀರು ಸೊಂಟ ಮುಟ್ಟಿದಾಗ ಮುಗಿಯಿತು ನಮ್ಮ ಕಥೆ ಎಂದುಕೊಂಡೆ, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ನೀರು ಇಳಿಯಿತು, ಕಾಲಿಗೆ ಕಲ್ಲು ಸಿಕ್ಕಿತು, ಎಲ್ಲೋ ಕಾರಿನ ಹಾರ್ನ್ ಕೇಳಿಸಿತು.

ರಸ್ತೆಯಂಚಿನಲ್ಲಿ ಕುಳಿತೆವು. ಮಗಳು ಕೆಮ್ಮುತ್ತಿದ್ದಳು. ಅವರು ಅವಳ ಮುಖದ ಮಣ್ಣು ಒರೆಸಿದರು. ಕೊನೆಗೆ ನನ್ನ ಮುಖ ನೋಡದೆ, "ನಾನೊಬ್ನೇ ಆಗಿದ್ರೆ ಆ ಬದಿಗೇ ನಡಿತಿದ್ದೆ" ಎಂದರು.

ಪ್ರತಿ ಶುಕ್ರವಾರ ಚಿಪ್ಪು ಹೆಕ್ಕಲು ಅವರು ಯಾವಾಗಲೂ ಒಬ್ಬರೇ ಹೋಗುತ್ತಿದ್ದರು. ಆ ದಿನ ಮಗಳು ಹಠ ಮಾಡಿದ್ದರಿಂದ ಮಾತ್ರ ನಾವಿಬ್ಬರೂ ಹೊರಟಿದ್ದೆವು. ನೀರಿನಲ್ಲಿ ಬಾರದ ನಡುಕ ನನಗೆ ಬಂದದ್ದು ಆಗ.