ಹೊರಗಿನ ಚಿಲಕ

ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಮಧ್ಯಯುಗದ ಯುರೋಪಿನಲ್ಲಿ ಪ್ಲೇಗ್ ಬಂದಾಗ ಒಂದು ಮನೆಯಲ್ಲಿ ಏನಾಯಿತೆಂದು ಊಹಿಸಿ ಬರೆಯಬೇಕು. ಅವಳು ಊಟಕ್ಕೆ ಎದ್ದು ಹೋದಾಗ ನಾನು ಲ್ಯಾಪ್‌ಟಾಪಿನಲ್ಲಿ ಇಣುಕಿದೆ. ತಪ್ಪೇ, ಆದರೆ ಇಣುಕಿದೆ.

‘ನೆರೆಯವರು ಬಾವಿಗೆ ಬರುವುದನ್ನು ಬಿಟ್ಟರು. ಹೆಣ ಹೂಳಲು ಪಾದ್ರಿಯೂ ಬರಲಿಲ್ಲ. ಅಜ್ಜಿ ಕೆಮ್ಮಿದಳು. ಸೊಸೆ ಅವಳನ್ನು ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದಳು.’ ಇಂಗ್ಲಿಷಿನಲ್ಲಿ ಹೀಗೇನೋ ಬರೆದಿದ್ದಳು.

ಇದು ಯಾವ ಯುರೋಪು? ನಮ್ಮೂರು ಸೀಡರ್ ಪಾರ್ಕಿನ ನಮ್ಮದೇ ಮನೆ.

ಕೋವಿಡ್‌ನ ಮೊದಲ ಚಳಿಗಾಲ. ವಿಮಾನ ಸಿಗದೆ ಮೈಸೂರಿನ ಅತ್ತೆ ನಮ್ಮಲ್ಲೇ ಉಳಿದಿದ್ದರು. ಒಂದು ಬೆಳಿಗ್ಗೆ ಅವರಿಗೆ ಕೆಮ್ಮು ಶುರುವಾಯಿತು. ಬಾತ್‌ರೂಮ್ ಇದ್ದ ಕೆಳಗಿನ ಕೋಣೆಗೆ ಹಿಂದಿನ ಮಾಲೀಕರು ಯಾಕೋ ಹೊರಗಡೆ, ಎತ್ತರದಲ್ಲಿ, ಚಿಲಕ ಹಾಕಿಸಿದ್ದರು. ಅತ್ತೆಯನ್ನು ಅಲ್ಲಿಟ್ಟು ಚಿಲಕ ಹಾಕಿದೆ. ಮಗು ಒಳಗೆ ನುಗ್ಗಬಾರದಲ್ಲ ಎಂದು ಗಂಡನಿಗೆ ಹೇಳಿದ್ದು ಶುದ್ಧ ಸುಳ್ಳು. ಅತ್ತೆ ಹೊರಗೆ ಬರಬಾರದೆಂದೇ ಹಾಕಿದ್ದೆ. ನಾಲ್ಕು ದಿನ ಊಟದ ತಟ್ಟೆ ಒಳಗೆ ಸರಿಸಿ ಓಡಿಬರುತ್ತಿದ್ದೆ.

ಕಡೆಗೆ ನೋಡಿದರೆ ಸೀಡರ್ ಮರದ ಪರಾಗದ ಅಲರ್ಜಿ. ಚಳಿಗಾಲದಲ್ಲಿ ಇಲ್ಲಿ ಅರ್ಧ ಊರೇ ಕೆಮ್ಮುತ್ತದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಮೈಸೂರಿಗೆ ಹೋದವರು ಮತ್ತೆ ಬರಲಿಲ್ಲ. ಮಂಡಿನೋವು ಅನ್ನುತ್ತಾರೆ. ನಾನು ಒಂದು ದಿನವೂ ಅದನ್ನು ನಂಬಿಲ್ಲ. ಮಗಳಿಗೆ ಆಗ ಐದು ವರ್ಷ, ಮರೆತಿರುತ್ತಾಳೆ ಅಂದುಕೊಂಡಿದ್ದೆ. ಈಗ ಅವಳ ಮೇಲೂ ಗುಮಾನಿ.

ಊಟ ಮಾಡುತ್ತಿದ್ದವಳನ್ನು ಕೇಳಿಯೇಬಿಟ್ಟೆ. ‘ಅದು ಯಾರ ಮನೆ ಕಥೆ ಕಣೇ?’

‘ನನ್ನ ಲ್ಯಾಪ್‌ಟಾಪ್ ನೋಡಿದ್ಯಾ? ಇಟ್ಸ್ ಜಸ್ಟ್ ದ ಪ್ಲೇಗ್, ಅಮ್ಮಾ.’

‘ಅಜ್ಜಿ ಏನಾದ್ರೂ ಹೇಳಿದ್ರಾ?’

‘ಲಾಸ್ಟ್ ವೀಕ್ ಫೋನಲ್ಲಿ ಕೇಳ್ದೆ. ಅವರೇ ಒಳಗಿಂದ ಲಾಕ್ ಮಾಡ್ಕೊಂಡಿದ್ರಂತೆ, ನಮ್ಗ್ಯಾರ್ಗೂ ಕಾಯಿಲೆ ಬರಬಾರ್ದು ಅಂತ. ನೀನು ಬೇಡಾ ಬೇಡಾ ಅಂತ ಅಳ್ತಿದ್ಯಂತೆ.’

ನಾನು ಅತ್ತಿರಲಿಲ್ಲ. ಆ ಬಾಗಿಲಿಗೆ ಒಳಗೆ ಚಿಲಕವೇ ಇಲ್ಲ. ನನ್ನ ಕಿವಿಗೆ ಬೀಳಲೆಂದೇ ಅತ್ತೆ ಹೀಗೆ ಚುಚ್ಚಿದರೇ ಎಂಬುದು ನನಗೆ ಬಂದ ಮೊದಲ ಯೋಚನೆ. ಮೊಮ್ಮಗಳ ಮುಂದೆ ನನ್ನ ಮಾನ ಉಳಿಸಿದ್ದಾರೆಂದು ಆಮೇಲೆ ಹೊಳೆಯಿತು. ನಾಚಿಕೆಯಾಯಿತು.

‘ಅಜ್ಜಿ ಹೇಳಿದ್ದು ನಿಜ ಅಲ್ಲ. ಚಿಲಕ ಹಾಕಿದ್ದು ನಾನು,’ ಅಂದೆ.

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

‘ಐ ನೋ, ಅಮ್ಮಾ. ನಾನು ತೆಗಿಯಕ್ಕೆ ಹೋಗಿದ್ದೆ. ಎಟುಕ್ಲಿಲ್ಲ.’